ಹೆಂಗಸರ ಕಡೆಯ ಕ್ಯಾಮರಾ

ಆಪಾ ಕ್ಯಾಮರಾ ಮಾರಿದರು. ಸುದ್ದಿ ತಂದವಳು ಅದನ್ನು ಕೊಂಡ ಲಕ್ಕವಳ್ಳಿಯ ಹುಡುಗಿಯೇ. ತರೀಕೆರೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ವಿಸಿಟಿಂಗ್ ಕಾರ್ಡ್ ಮಾಡಿಸಲು ಬಂದವಳು ಹೆಗಲಿನಿಂದ ಆ ಹಳೆಯ ಕಪ್ಪು ಬ್ಯಾಗು ಇಳಿಸಿದಾಗಲೇ ನನಗೆ ಗುರುತು ಸಿಕ್ಕಿತು. ಅದರ ಪಟ್ಟಿಗೆ ಹಸಿರು ದಾರದ ಹೊಲಿಗೆ ಬೇರೆ ಯಾರು ಹಾಕುತ್ತಾರೆ?

"ಸುಲಭಕ್ಕೆ ಕೊಡ್ಲಿಲ್ಲ ಕಣ್ರೀ ಮೇಡಂ," ಅಂದಳು. "ಮಗಳನ್ನ ಎದುರಿಗೆ ಕೂರಿಸಿ, ಇವಳ ವಿಡಿಯೋ ತೆಗಿ ನೋಡಾನ ಅಂದ್ರು. ತೆಗೀತಿದ್ದೆ. ಮಧ್ಯದಾಗೆ ಆ ಅಕ್ಕ ಬೇಡ ಅನ್ನೋ ಹಂಗೆ ತಲೆ ಆಡ್ಸಿದ್ರು. ಚೆನ್ನಾಗಿ ಬತ್ತಾ ಐತೆ ಇರಕ್ಕ ಅಂದೆ. ಅಷ್ಟೇ, ಕ್ಯಾಮರಾ ಕಿತ್ಕೊಂಡು ಮನೆಗೆ ಕಳಿಸ್ಬಿಟ್ರು."

ಮುಂದಿನ ವಾರ ಮತ್ತೆ ಕರೆಸಿದರಂತೆ. ಈ ಸಲ ಮಗಳು ತಲೆ ಆಡಿಸುತ್ತಲೇ ಹುಡುಗಿ ಕ್ಯಾಮರಾ ಕೆಳಗಿಳಿಸಿದಳು. ಆಮೇಲೆ ವ್ಯಾಪಾರದ ಮಾತು. ಕೈಗೆ ಕೊಡುವಾಗ ಆಪಾ ಹೇಳಿದ್ದಿಷ್ಟು: "ತೆಗಿಯೋದು ಕಣ್ಣಿನ ಕೆಲ್ಸ ಕಣವ್ವ. ತೆಗೀದೆ ಇರೋದು ಮರ್ಯಾದೆ ಕೆಲ್ಸ."

ಕೇಳಿ ನನಗೆ ನಿಜವಾಗಿಯೂ ಸಮಾಧಾನವಾಯಿತು. ಅವರ ಮಂಡಿ ಹೋಗಿ ಎಷ್ಟೋ ಕಾಲವಾಗಿತ್ತು. ಕಳೆದ ವರ್ಷ ಒಂದು ಮದುವೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹತ್ತಿ ಶೂಟಿಂಗ್ ಮಾಡುತ್ತಿದ್ದವರು ಇನ್ನೇನು ಬೀಳಬೇಕು, ಯಾರೋ ಸೊಂಟ ಹಿಡಿದು ನಿಲ್ಲಿಸಿದರು. ಕೆಳಗಿಳಿದು, ಹಿಡಿದವಳಿಗೇ "ನನ್ ಶಾಟ್ ಅಲ್ಲಾಡ್ತು" ಅಂತ ಬೈದಿದ್ದರು. ಈಗ ಭದ್ರಾವತಿಯಲ್ಲಿ ಕಿರಿಯ ಮಗಳ ಮನೆಯಲ್ಲಿ ಕಾಲು ಚಾಚಿ ಕೂತಿದ್ದಾರೆ ಅಂದರೆ ಹಿಡಿದ ಉಸಿರು ಬಿಟ್ಟ ಹಾಗಾಯಿತು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ ಬೈಯುತ್ತಾರೆ. ತರೀಕೆರೆ, ಕಡೂರು, ಅಜ್ಜಂಪುರದ ಮುಸಲ್ಮಾನರ ಮನೆಗಳಲ್ಲಿ 'ಹೆಂಗಸರ ಕಡೆ ಕ್ಯಾಮರಾ ಆಪಾ' ಅಂದರೆ ಸಾಕು, ಎಲ್ಲರಿಗೂ ಗೊತ್ತು. ಆಪಾ ಅಂದರೆ ಅಕ್ಕ. ಅವರ ಅಮ್ಮನ ವಯಸ್ಸಿನವರೂ ಹಾಗೇ ಕರೆಯುತ್ತಿದ್ದರು.

ಅವರ ಕೆಲಸ ಏನೆಂದು ಹೇಳಬೇಕು. ಆ ಮದುವೆಗಳಲ್ಲಿ ಹೆಂಗಸರ ಕಡೆಯೇ ಬೇರೆ, ಗಂಡಸರ ಕಡೆಯೇ ಬೇರೆ. ಹೆಂಗಸರ ಕಡೆ ಬುರ್ಖಾ ತೆಗೆದಿಟ್ಟು, ಇದ್ದಬದ್ದ ಒಡವೆ ಹಾಕಿಕೊಂಡು, ಹಾಡಿ ಕುಣಿದು ಎಲ್ಲರೂ ಆರಾಮವಾಗಿರುತ್ತಾರೆ. ಅಲ್ಲಿಗೆ ಕ್ಯಾಮರಾ ಹಿಡಿದ ಗಂಡಸು ಕಾಲಿಡುವ ಹಾಗಿಲ್ಲ. ಅದಕ್ಕೇ ಆಪಾ. ಮೊದಲು ಅವರು ರವಿಕೆ ಹೊಲಿಯುತ್ತಿದ್ದರು. ತಮ್ಮನೊಬ್ಬ ಗಲ್ಫಿನಿಂದ ತಂದು ಕೊಟ್ಟ ಕ್ಯಾಮರಾ ಹಿಡಿದು ಒಂದು ಮದುವೆಗೆ ಹೋದರು, ಹೊಲಿಗೆ ಯಂತ್ರ ಮೂಲೆ ಸೇರಿತು. ಆದರೆ ದರ್ಜಿಯ ಅಭ್ಯಾಸಗಳು ಹೋಗಲಿಲ್ಲ. ಜಾರಿದ ಕನ್ನಡಕವನ್ನು ಬೆರಳಿನಿಂದ ಮೇಲೇರಿಸುತ್ತಿರಲಿಲ್ಲ, ಮಣಿಕಟ್ಟಿನ ಹಿಂಬದಿಯಿಂದ ತಳ್ಳುತ್ತಿದ್ದರು. ಬೆರಳಲ್ಲಿ ಸೂಜಿ ಇದ್ದ ಕಾಲದ ಅಭ್ಯಾಸ ಅದು. ಯಾರನ್ನು ನೋಡಿದರೂ ಮೊದಲು ಕಣ್ಣು ಹೋಗುವುದು ಅವರ ರವಿಕೆಯ ತೋಳಿನ ಮೇಲೆ. "ಯಾರ್ ಹೊಲಿದಿದ್ದು ಇದು? ಕಂಕುಳಲ್ಲಿ ಹಿಡೀತಾ ಇಲ್ವಾ?" ಇದು ಅವರು ನನ್ನ ಜೊತೆ ಆಡಿದ ಮೊದಲ ಮಾತು.

ಎರಡನೆಯ ಮಾತು, "ನಿಂಗೆ ಮಿಕ್ಸಿಂಗ್ ಬರುತ್ತಾ?"

ನಮ್ಮ ಕಡೆ ವಿಡಿಯೋ ಎಡಿಟಿಂಗಿಗೆ ಮಿಕ್ಸಿಂಗ್ ಅನ್ನುವುದೇ ವಾಡಿಕೆ. ಬರಲ್ಲ ಅಂದೆ.

"ಕಂಪ್ಯೂಟರ್ ಐತಲ್ಲ?"

"ಕಂಪ್ಯೂಟರ್ ಇದ್ರೆ ಬರುತ್ತಾ ಆಪಾ? ಒಲೆ ಇದ್ದೋರಿಗೆಲ್ಲ ಹೋಳಿಗೆ ಬರುತ್ತಾ?"

"ಒಲೆ ಇಲ್ದೋರಿಗಂತೂ ಬರಲ್ಲ. ಕಲ್ತ್ಕೊ. ನಂಗೂ ಕಲಿಸು," ಅಂದು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಆಮೇಲೆ ವಿಷಯ ತಿಳಿಯಿತು. ಅಷ್ಟು ವರ್ಷವೂ ಅವರು ಶೂಟಿಂಗ್ ಮಾಡಿ ಮಿಕ್ಸಿಂಗಿಗೆ ಶಿವಮೊಗ್ಗಕ್ಕೆ ಕಳಿಸುತ್ತಿದ್ದರು. ಒಂದು ಮದುವೆಯಲ್ಲಿ ಮದುಮಗಳ ತಾಯಿ ಏನೋ ಯೋಚನೆ ಮಾಡಿ, "ಆಪಾ, ಅಲ್ಲಿ ಮಿಕ್ಸಿಂಗ್ ಮಾಡೋರು ಹೆಂಗಸರಾ?" ಎಂದು ಕೇಳಿದಳಂತೆ. ಮಾಡುವವರು ನಾಲ್ಕು ಜನ ಗಡ್ಡ ಮೀಸೆಯ ಹುಡುಗರು. ಒಳ್ಳೆಯವರೇ, ಯಾವತ್ತೂ ತೊಂದರೆ ಆಗಿರಲಿಲ್ಲ. "ಆದ್ರೂ ಇಷ್ಟು ವರ್ಷ ಬಾಗ್ಲು ಮುಂದೆ ನಿಂತು ಗಂಡಸರ್ನ ತಡ್ದೆ, ಹಿತ್ಲ ಬಾಗ್ಲು ತೆಗೆದಿಟ್ಟಿದ್ದೆ ಕಣೇ ಹುಡುಗಿ," ಅಂದರು. ನಲವತ್ತು ದಾಟಿದ ನನ್ನನ್ನು ಹುಡುಗಿ ಎಂದು ಕರೆಯುತ್ತಿದ್ದವರು ಅವರೊಬ್ಬರೇ. ಆ ಒಂದು ಮಾತಿಗೆ ನಾನು ಅವರ ಎಷ್ಟು ಬೈಗುಳವನ್ನಾದರೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಬೈಗುಳಕ್ಕೇನೂ ಬರವಿರಲಿಲ್ಲ. ಮನೆಯಲ್ಲಿ ಮಾತು ದಖ್ಖನಿ ಉರ್ದುವಿನಲ್ಲಿ, ಪ್ರಾರ್ಥನೆ ಅರಬ್ಬಿಯಲ್ಲಿ, ಬೈಯುವುದು ಮಾತ್ರ ಕನ್ನಡದಲ್ಲಿ. ಕನ್ನಡದ ಬೈಗುಳಕ್ಕೆ ತೂಕ ಜಾಸ್ತಿ ಎಂಬುದು ಅವರ ಅಭಿಪ್ರಾಯವಾಗಿತ್ತು.

ಹೀಗೆ ನಾವಿಬ್ಬರೂ ಕಲಿಯಲು ಕೂತೆವು. ಗುರುವಿಲ್ಲದ ಶಾಲೆ. ಮಧ್ಯಾಹ್ನ ಅಂಗಡಿಗೆ ಜನ ಕಡಿಮೆಯಾದ ಮೇಲೆ, ಫೋನಿನಲ್ಲಿ ಯಾರೋ ಹಿಂದಿಯಲ್ಲಿ ಹೇಳಿಕೊಡುವ ಪಾಠ ಹಾಕಿ, ನಿಲ್ಲಿಸಿ, ಕಂಪ್ಯೂಟರಿನಲ್ಲಿ ಮಾಡಿ ನೋಡುವುದು. ಆ ಹಿಂದಿ ನನಗೆ ಅರ್ಧ ತಿಳಿಯುತ್ತಿತ್ತು. ಆಪಾಗೆ ಪೂರ್ತಿ ತಿಳಿಯುತ್ತಿತ್ತು, ಆದರೆ ಕಂಪ್ಯೂಟರ್ ತಿಳಿಯುತ್ತಿರಲಿಲ್ಲ. ಇಬ್ಬರೂ ಸೇರಿ ಒಬ್ಬ ವಿದ್ಯಾರ್ಥಿ ಆಗುತ್ತಿದ್ದೆವು. ಮೊದಲ ದಿನವೇ ಅವರು ಅಂಗಡಿಯ ಮಧ್ಯೆ ದಪ್ಪ ಬಟ್ಟೆಯ ಪರದೆ ಹೊಲಿದು ಕಟ್ಟಿದ್ದರು, ಜೆರಾಕ್ಸಿಗೆ ಬಂದವರ ಕಣ್ಣು ಕಂಪ್ಯೂಟರಿನ ಮೇಲೆ ಬೀಳಬಾರದೆಂದು. ಪಹಣಿಯ ಪ್ರತಿ ತೆಗೆಸಲು ಬಂದ ರೈತರು ನನ್ನನ್ನು ಕಾಣದೆ "ಅಮ್ಮಾ, ಯಾರೂ ಇಲ್ವೇನಮ್ಮಾ ಅಂಗಡೀಲಿ?" ಎಂದು ಕೂಗುವುದು, ಆಪಾ ಒಳಗಿನಿಂದಲೇ "ಇದೀವಿ, ಕೂತ್ಕಳಿ, ಮದ್ವೆ ನಡೀತೈತೆ!" ಎಂದು ಉತ್ತರ ಕೊಡುವುದು.

ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುವುದು, ಬೇಡದ್ದನ್ನು ಕತ್ತರಿಸುವುದು ಎರಡು ವಾರದಲ್ಲಿ ಕೈಗೆ ಹತ್ತಿತು. ಕತ್ತರಿ ಅಂದರೆ ಆಪಾಗೆ ಹೇಳಿಕೊಡಬೇಕೇ? ಆಮೇಲೆ ಒಂದು ದಿನ ಟ್ರಾನ್ಸಿಷನ್ನುಗಳ ಖಜಾನೆ ಸಿಕ್ಕಿತು. ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವಾಗ ಮಧ್ಯೆ ಹಾಕುವ ಸೇತುವೆಗಳವು. ಪುಟ ಮಗುಚಿದ ಹಾಗೆ ಒಂದು, ಬಾಗಿಲು ತೆರೆದ ಹಾಗೆ ಒಂದು, ನಕ್ಷತ್ರ ಸಿಡಿದ ಹಾಗೆ, ಹೃದಯ ಬಿಚ್ಚಿದ ಹಾಗೆ, ಗರಗರ ತಿರುಗುವ ಡಬ್ಬಿಯ ಹಾಗೆ. ನಾವಿಬ್ಬರೂ ಮಕ್ಕಳಾಗಿಬಿಟ್ಟೆವು. ಮೊದಲ ಮದುವೆಗೆ ಒಂದನ್ನೂ ಬಿಡಲಿಲ್ಲ. ಹೃದಯದೊಳಗಿಂದ ಮದುಮಗಳ ಅತ್ತೆ ಹೊರಗೆ ಬಂದರು. ನಕ್ಷತ್ರ ಸಿಡಿದು ಅನ್ನದ ಡಬರಿ ಕಾಣಿಸಿತು. ಎಲ್ಲರೂ ಬಹಳ ಮೆಚ್ಚಿಕೊಂಡರು ಎಂದೇ ಹೇಳಬೇಕು. ಒಬ್ಬ ಅಜ್ಜಿ ಮಾತ್ರ ಅರ್ಧಕ್ಕೇ ಎದ್ದು ಹೋಗಿ ನಿಂಬೆಹಣ್ಣು ಮೂಸಿಕೊಂಡು ಮಲಗಿದರಂತೆ, ತಲೆ ಸುತ್ತಿ.

ಆಪಾ ಅದನ್ನು ಕೇಳಿ ಮರುದಿನ ಬಂದು, "ರವಿಕೆಗೆ ಎಲ್ಲೆಲ್ಲಿ ಹೊಲಿಗೆ ಐತೋ ಅಲ್ಲೆಲ್ಲ ಲೇಸ್ ಹಚ್ಬಿಟ್ವಿ ಕಣೇ. ಹೊಲಿಗೆ ಅನ್ನೋದು ಕಾಣ್ಬಾರ್ದು. ತೆಗಿ ಎಲ್ಲಾನೂ," ಅಂದರು. ಉಳಿಸಿಕೊಂಡದ್ದು ಒಂದೇ ಒಂದು. ಒಂದು ದೃಶ್ಯ ಮೆಲ್ಲಗೆ ಮಸುಕಾಗುತ್ತಾ, ಅದರೊಳಗಿಂದಲೇ ಇನ್ನೊಂದು ಮೂಡುವುದು. ಅದು ಎರಡು ಸೆಕೆಂಡು ಇರಬೇಕು, ಅವಸರ ಮಾಡಬಾರದು. ಅದಕ್ಕವರು 'ಮಸುಕು' ಎಂದೇ ಹೆಸರಿಟ್ಟರು. "ಇಲ್ಲೊಂದು ಮಸುಕು ಹಾಕು," "ಅಲ್ಲಿ ಮಸುಕು ಬೇಡ, ಹಸಿವಾಗಿರೋರು ಊಟಕ್ಕೆ ಓಡ್ತಾವ್ರೆ."

ಪ್ರತಿ ಮದುವೆಗೂ ಎರಡು ವಿಡಿಯೋ ಮಾಡಬೇಕಿತ್ತು. ಒಂದು ಉದ್ದನೆಯದು, ಹೆಂಗಸರಿಗೆ ಮಾತ್ರ. ಮದುಮಗಳ ತಾಯಿ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಇನ್ನೊಂದು ಚಿಕ್ಕದು, ಗಂಡಸರೂ ಸೇರಿ ಎಲ್ಲರೂ ನೋಡುವುದಕ್ಕೆ. ಅದರಲ್ಲಿ ಮಕ್ಕಳು, ಹೂವಿನ ಅಲಂಕಾರ, ಮೆಹಂದಿಯ ಕೈ, ಒಪ್ಪಿದ ಹಿರಿಯರು. ಯಾರು ಯಾವುದರಲ್ಲಿ ಬರಬೇಕು ಎಂಬುದನ್ನು ಆಪಾ ಶೂಟಿಂಗಿನ ಹೊತ್ತಿಗೇ ಒಬ್ಬೊಬ್ಬರನ್ನೂ ಕೇಳುತ್ತಿದ್ದರು. "ಎಲ್ಲರ ಕ್ಯಾಸೆಟ್ಟೋ, ನಮ್ ಕ್ಯಾಸೆಟ್ಟೋ?" ಕ್ಯಾಸೆಟ್ಟಿನ ಕಾಲ ಮುಗಿದು ಎಷ್ಟೋ ವರ್ಷವಾಗಿದ್ದರೂ ಆ ಮಾತು ಬದಲಾಗಲಿಲ್ಲ. ನಮ್ಮ ಕ್ಯಾಸೆಟ್ಟು ಅಂದವರನ್ನು ತೆಗೆದ ಮೇಲೆ ಅಂಗೈಯಿಂದ ಲೆನ್ಸನ್ನು ಒಮ್ಮೆ ಮುಚ್ಚುವರು. ಕಂಪ್ಯೂಟರಿನಲ್ಲಿ ಆ ಕತ್ತಲೆಯ ಗುರುತು ಕಂಡರೆ ಅದರ ಹಿಂದಿನ ತುಣುಕು ಎಲ್ಲರಿಗಲ್ಲ ಎಂದು ನಮಗೆ ಗೊತ್ತಾಗುತ್ತಿತ್ತು. ದೇವನೂರಿನ ಒಬ್ಬ ಅಜ್ಜಿ ಮಾತ್ರ ಅಂಗೈ ಮುಚ್ಚಲು ಬಿಡಲಿಲ್ಲವಂತೆ. "ನನ್ನ ಎಲ್ಲಾ ಕ್ಯಾಸೆಟ್ಗೂ ಹಾಕು. ಈ ಸುಕ್ಕು ನೋಡಿ ಯಾರು ಕೆಡ್ತಾರೆ!" ಎಂದು ಹಲ್ಲಿಲ್ಲದ ಬಾಯಿ ತೆರೆದು ಕ್ಯಾಮರಾಗೇ ಮುತ್ತು ಕೊಟ್ಟಿದ್ದಳು. ಆ ತುಣುಕನ್ನು ನಾವು ಕೆಲಸದ ಬೇಸರ ಬಂದಾಗಲೆಲ್ಲ ಹಾಕಿಕೊಂಡು ನಗುತ್ತಿದ್ದೆವು.

ಒಮ್ಮೆ ಒಬ್ಬ ದೊಡ್ಡ ಮನುಷ್ಯರು ನನ್ನ ಅಂಗಡಿಗೇ ಬಂದು, ಹುಡುಗಿಯ ಸೋದರಮಾವ ತಾನು, ಉದ್ದನೆಯ ವಿಡಿಯೋ ಸರಿಯಾಗಿದೆಯೋ ಇಲ್ಲವೋ ಒಂದು ಸಲ ಪರೀಕ್ಷೆ ಮಾಡಬೇಕು ಅಂದರು. ಆಪಾ ಪರದೆಯಾಚೆಯಿಂದಲೇ, "ಪರೀಕ್ಷೆ ಆಗ್ಲಿ ಸಾಹೇಬ್ರೆ. ನಿಮ್ಮ ಮನೆಯವರಿಗೆ ಫೋನ್ ಹಚ್ಚಿ, ನೀವು ನೋಡ್ತೀರಿ ಅಂತ ಒಂದ್ ಮಾತು ಹೇಳಿಬಿಡಾನ," ಅಂದರು. ಮನುಷ್ಯರು ಮಳೆ ಬರುವ ಹಾಗಿದೆ ಎಂದು ಹೊರಟುಹೋದರು. ಹೊರಗೆ ರಣ ಬಿಸಿಲಿತ್ತು.

ಇನ್ನು ಆ ಭಾನುವಾರದ ವಿಷಯ. ಆಪಾ ಅಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅದೇ.

ಹೆಣ್ಣಿನವರು ತರೀಕೆರೆಯವರು, ಗಂಡಿನವರು ಅಜ್ಜಂಪುರದವರು. ಮದುಮಗಳಿಗೆ ಒಬ್ಬಳೇ ಅಕ್ಕ, ಕಡೂರಿಗೆ ಕೊಟ್ಟಿದ್ದರು. ಅವಳ ಗಂಡನದು ಅಲ್ಲಿ ಟೈರ್ ಅಂಗಡಿ. ನಿಶ್ಚಿತಾರ್ಥದ ದಿನ ಹಿರಿಯ ಅಳಿಯನಾದ ತನ್ನನ್ನು ಎರಡನೇ ಸರದಿಯ ಊಟಕ್ಕೆ ಕೂರಿಸಿದರು ಎಂದು ಅವನಿಗೆ ಸಿಟ್ಟು ಬಂದು, ಎದ್ದು ಹೋದ. ತಾನೂ ಮದುವೆಗೆ ಬರುವುದಿಲ್ಲ, ಹೆಂಡತಿಯೂ ಆ ಮನೆಯ ಹೊಸಿಲು ತುಳಿಯುವ ಹಾಗಿಲ್ಲ ಎಂದ. ಮದುವೆ ಮನೆಗಳಲ್ಲಿ ಇಂಥ ಸಿಟ್ಟು ಯಾವ ಜಾತಿಗೂ ಹೊಸದಲ್ಲ. ನಮ್ಮ ಮನೆಯಲ್ಲೇ ಒಂದು ಹಪ್ಪಳದ ಸಲುವಾಗಿ ಇಬ್ಬರು ಭಾವಂದಿರು ವರ್ಷಗಟ್ಟಲೆ ಮಾತು ಬಿಟ್ಟಿದ್ದರು.

ನಿಕಾಹ್ ದಿನ ಆ ಅಕ್ಕ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಹೇಳಿ, ಕಡೂರಿನಿಂದ ಬಸ್ ಹತ್ತಿ ತರೀಕೆರೆಗೆ ಬಂದುಬಿಟ್ಟಿದ್ದಳು. ಆಪಾ ಮದುಮಗಳ ಮೆಹಂದಿ ಕೈಗೆ ಯಾರೋ ಬಳೆ ತೊಡಿಸುತ್ತಿದ್ದುದನ್ನು ತೆಗೆಯುತ್ತಿದ್ದರು. ಹಾಗೇ ಕ್ಯಾಮರಾ ಮೇಲೆತ್ತಿದರೆ ಅಕ್ಕನ ಮುಖ. ಅವಳು ಬೆಚ್ಚಿ ನೋಡಿ ಮೆಲ್ಲಗೆ, "ಆಪಾ, ನಾನಿಲ್ಲಿಗೆ ಬಂದೇ ಇಲ್ಲ," ಅಂದಳು. "ನಾನೂ ನಿನ್ನ ನೋಡ್ಲಿಲ್ಲ," ಎಂದು ಆಪಾ ಅಂಗೈ ಮುಚ್ಚಿದರು. ಆ ತುಣುಕನ್ನು ಅಳಿಸಿಯೇಬಿಡುತ್ತಿದ್ದರು. ಆದರೆ ತಾಯಿ ಬಂದು, ನನ್ನ ಇಬ್ಬರು ಹೆಣ್ಣುಮಕ್ಕಳೂ ಜೊತೆಗಿರುವುದು ಅದೊಂದೇ, ಬೀರುವಿನ ಪ್ರತಿಯಲ್ಲಿ ಇರಲೇಬೇಕು ಎಂದು ಆಪಾಳ ಕೈ ಹಿಡಿದುಕೊಂಡರು.

ಅಜ್ಜಂಪುರದಲ್ಲಿ ಹಾಲ್ ಸಿಗದೆ, ಗಂಡಿನ ಮನೆಯವರು ಕೊಡುವ ವಲೀಮಾ ಊಟ ಮುಂದಿನ ಭಾನುವಾರಕ್ಕೆ ಹೋಯಿತು. ಅಷ್ಟರಲ್ಲಿ ಮದುಮಗನ ತಂದೆಯೇ ಕಡೂರಿಗೆ ಹೋಗಿ ಟೈರ್ ಅಂಗಡಿಯ ಅಳಿಯನನ್ನು ಒಲಿಸಿ, ಹೆಂಡತಿಯ ಸಮೇತ ಊಟಕ್ಕೆ ಬರುವಂತೆ ಒಪ್ಪಿಸಿದರು. ಗಂಡಸರ ಕಡೆ ದೊಡ್ಡ ಪರದೆ ಕಟ್ಟಿ ಎಲ್ಲರ ಕ್ಯಾಸೆಟ್ಟನ್ನು ತೋರಿಸುವುದೆಂದೂ ತೀರ್ಮಾನವಾಯಿತು. ನಾವು ಮಾಡಿದೆವು. ಬಳೆ ತೊಡಿಸುವ ತುಣುಕಿನಲ್ಲಿ ಬರೀ ಕೈಗಳನ್ನಿಟ್ಟುಕೊಂಡು, ಕ್ಯಾಮರಾ ಮೇಲೇಳುವ ಮುಂಚೆಯೇ ಕತ್ತರಿಸಿ, ಅಲ್ಲಿಂದ ಹೂವೆರಚುವ ಮಕ್ಕಳಿಗೆ ಒಂದು ಮಸುಕು ಹಾಕಿದೆವು. ಶನಿವಾರ ಸಂಜೆ ಮದುಮಗಳ ತಮ್ಮ ಬಂದು ಪೆನ್‌ಡ್ರೈವ್ ತೆಗೆದುಕೊಂಡು ಹೋದ.

ಭಾನುವಾರ ಬೆಳಿಗ್ಗೆ ಆಪಾ ಬೀರುವಿನ ಪ್ರತಿಯ ಕೆಲಸಕ್ಕೆಂದು ಬಂದರು. ಶುರು ಮಾಡುವ ಮುಂಚೆ ಹಿಂದಿನ ದಿನದ್ದನ್ನು ಒಮ್ಮೆ ಕಣ್ತುಂಬ ನೋಡೋಣ ಅಂದರು. ಸೋಂಪು ಅಗಿಯುತ್ತಾ ನೋಡುತ್ತಿದ್ದವರು ಒಮ್ಮೆಲೇ ಅಗಿಯುವುದನ್ನು ನಿಲ್ಲಿಸಿದರು.

"ಹಿಂದಕ್ಕೆ ಓಡ್ಸು."

ಓಡಿಸಿದೆ. ಕೈಗಳು. ಬಳೆಗಳು. ಮೆಲ್ಲಗೆ ಮಸುಕಾಗುತ್ತಿವೆ, ಮಕ್ಕಳು ಮೂಡುತ್ತಿದ್ದಾರೆ. ಆ ಮಸುಕಿನೊಳಗೆ, ಬಳೆಗಳು ಕೆಳಕ್ಕೆ ಜಾರಿ, ಒಂದು ಮುಖ ಎದ್ದು, ನಮ್ಮನ್ನೇ ನೋಡಿ ಕರಗಿಹೋಯಿತು.

"ಕತ್ತರಿಸಿದ್ವಲ್ಲೇ ಇದನ್ನ!"

ಕತ್ತರಿಸಿದ್ದು ನಿಜ. ಕತ್ತರಿಸಿದ ಭಾಗ ಎಲ್ಲಿಗೂ ಹೋಗಿರುವುದಿಲ್ಲ ಎಂಬುದು ನಮಗೆ ಆವತ್ತು ತಿಳಿಯಿತು. ಕಣ್ಣಿಗೆ ಕಾಣದಂತೆ ಒಳಗೇ ಮಡಚಿಕೊಂಡಿರುತ್ತದೆ. ಎರಡು ತುಣುಕುಗಳನ್ನು ಬೆಸೆಯಲು ಟ್ರಾನ್ಸಿಷನ್ನಿಗೆ ಆಚೀಚೆ ಸ್ವಲ್ಪ ಹೆಚ್ಚಿನ ಜಾಗ ಬೇಕು. ಅದನ್ನು ಅದು ಆ ಮಡಚಿದ ಭಾಗದಿಂದಲೇ ಎಳೆದುಕೊಳ್ಳುತ್ತದೆ. "ಹೊಲಿಗೆಗೆ ಅಂತ ಒಳಗೆ ಬಿಟ್ಟಿರೋ ಬಟ್ಟೆ," ಎಂದು ಆಪಾ ಸಣ್ಣ ದನಿಯಲ್ಲಿ ಅಂದರು. "ಬಿಚ್ಚಿ ಹೊರಗೆ ಬಂದ್ಬಿಡ್ತು."

ತಮ್ಮನಿಗೆ ಫೋನ್ ಮಾಡಿದೆವು. ಎತ್ತಲಿಲ್ಲ. ಎತ್ತಿದರೂ ಏನೆಂದು ಹೇಳುವುದು? ಅಕ್ಕ ಬಂದಿದ್ದು ಗಂಡಸರ ಕಡೆ ಯಾರಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಆ ಒಂದು ಮಸುಕನ್ನು ಕಿತ್ತೆಸೆದು ಹೊಸ ಪ್ರತಿ ತೆಗೆಯುವುದೊಂದೇ ದಾರಿ. ಕೀಳುವುದು ಒಂದು ಕ್ಷಣದ ಕೆಲಸ, ಆದರೆ ಪೂರ್ತಿ ವಿಡಿಯೋವನ್ನು ಕಂಪ್ಯೂಟರ್ ಮತ್ತೆ ಹೆಣೆದು ಕೊಡಬೇಕಲ್ಲ. ಹಸಿರು ಗೆರೆ ಬಸವನಹುಳುವಿನಂತೆ ತೆವಳುತ್ತಿತ್ತು. ಆಪಾ ಮೊದಲು ದೇವರನ್ನು ಕರೆದರು. ಆಮೇಲೆ ಕಂಪ್ಯೂಟರನ್ನು ಬೈದರು. ಆಮೇಲೆ ಮಸುಕು ಕಂಡುಹಿಡಿದವನ ವಂಶವನ್ನು. ಕೊನೆಗೆ ಸುಮ್ಮನೆ ಕೂತು, "ಆ ಹುಡುಗಿಗೆ ಏನಾದ್ರೂ ಆದ್ರೆ ನಾನು ಈ ಕ್ಯಾಮರಾ ಮುಟ್ಟಲ್ಲ," ಅಂದರು. ಸುಳ್ಳು ಹೇಳಿ ಬಂದ ಹೆಂಗಸನ್ನು ಗಂಡನ ಎದುರಿಗೆ, ಊರಿನ ಎದುರಿಗೆ ಹಿಡಿದುಕೊಡುವ ಕೆಲಸ ನಮ್ಮಿಂದ ಆಗುವುದರಲ್ಲಿತ್ತು.

ಅಂಗಡಿ ಬಾಗಿಲೆಳೆದು ಆಪಾಳ ಸ್ಕೂಟಿಯಲ್ಲಿ ಹೊರಟೆವು. ಪೆನ್‌ಡ್ರೈವ್ ನನ್ನ ಮುಷ್ಟಿಯಲ್ಲಿ. ಬುರ್ಖಾ ಗಾಳಿಗೆ ಹಾರಿ ನನ್ನ ಮುಖಕ್ಕೇ ಬಡಿಯುತ್ತಿತ್ತು. ದಾರಿಯಲ್ಲಿ ಈರುಳ್ಳಿ ಚೀಲ ತುಂಬುತ್ತಿದ್ದ ಲಾರಿಯೊಂದು ರಸ್ತೆಗೆ ಅಡ್ಡ ನಿಂತಿತ್ತು. ಆಪಾ ಹಾರ್ನ್ ಮೇಲಿಟ್ಟ ಹೆಬ್ಬೆರಳನ್ನು ಲಾರಿ ಸರಿಯುವವರೆಗೂ ತೆಗೆಯಲಿಲ್ಲ.

ಅಜ್ಜಂಪುರದ ಹಾಲಿಗೆ ಕಾಲಿಟ್ಟಾಗ, ದೂರದ ಪರದೆಯ ಮೇಲೆ ನಾನೇ ಮಾಡಿದ ಗುಲಾಬಿ ಹೂವಿನ ಚೌಕಟ್ಟಿನೊಳಗೆ 'ಎಲ್ಲರಿಗೂ ಧನ್ಯವಾದಗಳು' ಎಂದಿತ್ತು. ವಿಡಿಯೋ ಮುಗಿದಿತ್ತು.

ಮದುಮಗಳ ತಮ್ಮ ಓಡಿ ಬಂದ. "ಆಪಾ, ಸೂಪರ್! ಎಲ್ರೂ ಕೇಳ್ತಾವ್ರೆ ಯಾರ್ ಮಾಡಿದ್ದು ಅಂತ."

"ಯಾರೂ ಏನೂ ಅನ್ಲಿಲ್ವೇನಪ್ಪಾ?"

"ಏನಂತಾರೆ? ಚೆನ್ನಾಗೈತೆ ಅಂದ್ರು."

ಆಪಾ ಗೋಡೆಗೆ ಒರಗಿದರು. ನಾನೂ ಒರಗಿದೆ. ಬದುಕಿದೆವು ಅಂದುಕೊಳ್ಳುವಷ್ಟರಲ್ಲಿ ಬಿಳಿ ಜುಬ್ಬಾದ ಒಬ್ಬ ಮನುಷ್ಯ ಸಾಲು ಕುರ್ಚಿಗಳ ಮಧ್ಯದಿಂದ ಎದ್ದು ನಮ್ಮ ಕಡೆಗೇ ಬಂದ. ಗಟ್ಟಿಮುಟ್ಟಾದ ಆಳು, ಉಗುರಿನ ಸಂದಿಯಲ್ಲಿ ಟೈರಿನ ಕಪ್ಪು. ಯಾರೆಂದು ಹೇಳಬೇಕಾಗಿರಲಿಲ್ಲ.

"ಆಪಾ, ವಿಡಿಯೋ ನಿಮ್ದೇನಾ?"

"ನಮ್ದೇ," ಅಂದರು ಆಪಾ. ಓಡಿಹೋಗುವ ಜಾಯಮಾನವಲ್ಲ ಅವರದು.

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ಬಳೆ ಆದ್ಮೇಲೆ ಒಂದ್ಸಲ ನಮ್ಮನೆಯವಳು ಬಂದ್ ಹಂಗಾಯ್ತು. ಬೇರೆ ಯಾರ್ಗೂ ತಿಳೀಲಿಲ್ಲ ಬಿಡಿ. ಇಷ್ಟು ವರ್ಷ ನೋಡಿರೋ ಮುಖ, ನಂಗೆ ತಿಳೀತು."

ನಾನು ಪೆನ್‌ಡ್ರೈವ್ ಹಿಡಿದ ಮುಷ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಹೆದರ್ಬೇಡಿ. ನಂಗೊತ್ತಿತ್ತು," ಅಂದ. "ಆವತ್ತು ಕಡೂರು ಸ್ಟ್ಯಾಂಡಿನಾಗೆ ಅವಳು ತರೀಕೆರೆ ಬಸ್ ಹತ್ತೋದ್ನ ನಾನೇ ನೋಡ್ದೆ. ಹಲ್ಲಿನ ಡಾಕ್ಟ್ರು ನಮ್ ಅಂಗಡಿ ಮೇಲ್ಗಡೆನೇ ಅವ್ರೆ ಆಪಾ. ಅದನ್ನ ಮರ್ತಿದ್ಲು. ತಂಗಿ ಮದ್ವೆ, ಹೋಗ್ಲಿ ಅಂತ ಸುಮ್ನಾದೆ. ಬಂದ್ಮೇಲೂ ಕೇಳ್ಲಿಲ್ಲ. ಕೇಳಿದ್ರೆ ಪಾಪ, ಇನ್ನೊಂದು ಸುಳ್ಳು ಹೇಳ್ಬೇಕಾಗ್ತಿತ್ತು."

ನನ್ನ ಜೀವ ಮರಳಿ ಬಂತು. ಎಂಥ ಒಳ್ಳೆಯ ಮನುಷ್ಯ ಎಂದು ಕೈ ಮುಗಿಯಬೇಕೆನಿಸಿತು. ಅವನ ಮುಖದಲ್ಲೂ ಒಂದಿಷ್ಟು ಹೆಮ್ಮೆಯಿತ್ತು, ದೊಡ್ಡತನ ತೋರಿಸಿದವರಿಗೆ ಇರುವಂಥದ್ದು. ಆಪಾ ಮಾತ್ರ ಮಣಿಕಟ್ಟಿನಿಂದ ಕನ್ನಡಕ ಮೇಲಕ್ಕೆ ತಳ್ಳಿದರು. ಅದು ಬೈಗುಳ ಬರುವ ಮುಂಚಿನ ಗುರುತು.

"ಗೊತ್ತಿದ್ದು ಸುಮ್ನಿದ್ದೆ, ಅಲ್ವೇನೋ? ಭಾಳ ದೊಡ್ಡ ಕೆಲ್ಸ ಮಾಡ್ದೆ. ನಿಂಗೊತ್ತು ಅಂತ ಅವಳ್ಗೆ ಯಾರೋ ಹೇಳೋರು?" ದನಿ ಏರಲಿಲ್ಲ, ಆದರೆ ಒಂದೊಂದು ಮಾತೂ ಕಲ್ಲಿನಂತೆ ಬಿತ್ತು. "ಆ ಹುಡುಗಿ ಇದ್ದಿದ್ದು ಒಂದ್ ಗಂಟೆ. ಆ ಗಂಟೆ ಪೂರ್ತಿ ಬಾಗ್ಲು ಕಡೆಗೇ ನೋಡ್ತಿದ್ಲು. ತಂಗಿ ಮುಖ ಎಷ್ಟು ನೋಡಿದ್ಲೋ ನಂಗೊತ್ತಿಲ್ಲ. ಅವರಮ್ಮ ತಟ್ಟೆ ಹಿಡ್ಕೊಂಡು ಹಿಂದಿಂದೆ ಬಂದ್ರು, ಒಂದ್ ತುತ್ತು ಬಾಯಿಗಿಡ್ಲಿಲ್ಲ. ಬಸ್ ತಪ್ಪುತ್ತೆ, ಅವ್ರಿಗೆ ಗೊತ್ತಾಗುತ್ತೆ ಅಂತ ಅಳ್ತಾ ಓಡ್ಹೋದ್ಲು. ನೀನೊಂದ್ ಮಾತು, ಹೋಗ್ಬಾ ಅಂದಿದ್ರೆ ಒಡಹುಟ್ಟಿದ ತಂಗಿ ಮದ್ವೇಲಿ ಉಂಡು ಹೋಗ್ತಿದ್ಲು ಕಣೋ."

ಅವನ ಮುಖದ ಹೆಮ್ಮೆ ಇಳಿದುಹೋಗಿತ್ತು. "ಊಟ ಮಾಡಿರ್ಲಿಲ್ವಾ?" ಎಂದಷ್ಟೇ ಕೇಳಿದ. ಕೇಳಿ, ನೆಲ ನೋಡುತ್ತಾ ನಿಂತ. ಸಿಟ್ಟು ಮಾಡಿಕೊಳ್ಳುತ್ತಾನೆಂದು ನಾನು ಕಾದೆ. ಮಾಡಿಕೊಳ್ಳಲಿಲ್ಲ. "ಈಗ ಒಳಗೆ ಅವ್ಳೆ. ನೀವೇ ಹೇಳ್ಬಿಡಿ ಆಪಾ, ನಂಗೆ ಆವತ್ತೇ ಗೊತ್ತಿತ್ತು ಅಂತ. ನಂಗೆ ಹೇಳಾಕೆ ಬರಲ್ಲ," ಅಂದ.

"ಬೈಯಾಕೆ ಬತ್ತದೆ, ಇದು ಬರಲ್ಲ," ಎಂದು ಗೊಣಗಿಕೊಂಡು ಆಪಾ ಒಳಗೆ ಹೋದರು. ನಾನೂ ಹಿಂದೆಯೇ ಹೋದೆ.

ಹೆಂಗಸರ ಕಡೆ ಊಟ ನಡೆಯುತ್ತಿತ್ತು. ಅಕ್ಕ ಮೂಲೆಯಲ್ಲಿ ಮದುಮಗಳ ಪಕ್ಕ ಕೂತಿದ್ದಳು, ತಟ್ಟೆಯ ಅನ್ನವನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತಾ. ನಾವು ಬರುವುದನ್ನು ಕಂಡು ಅವಳ ಮುಖ ಬಿಳುಪೇರಿತು. ಗಂಡಸರ ಕಡೆ ವಿಡಿಯೋ ನಡೆಯುತ್ತಿದ್ದಷ್ಟು ಹೊತ್ತೂ ಅವಳು ಹಾಗೇ ಕೂತಿದ್ದಳೋ ಏನೋ. ಆಪಾ ಮಂಡಿ ಹಿಡಿದುಕೊಂಡು ಅವಳ ಎದುರಿಗೆ ಕೂತು, ಕಿವಿಯ ಹತ್ತಿರ ಬಾಗಿ ಎಲ್ಲವನ್ನೂ ಹೇಳಿದರು. ಬಸ್ ಸ್ಟ್ಯಾಂಡು, ಹಲ್ಲಿನ ಡಾಕ್ಟರು, ಅವನು ಸುಮ್ಮನಾದದ್ದು.

ಅವಳು ಆಪಾಳನ್ನು ನೋಡಿದಳು, ನನ್ನನ್ನು ನೋಡಿದಳು. ನಂಬಲೋ ಬೇಡವೋ ಎಂಬಂತೆ ಎದೆಯ ಮೇಲೆ ಕೈಯಿಟ್ಟುಕೊಂಡಳು. ನಿಧಾನವಾಗಿ ಅವಳ ಹೆಗಲು ಇಳಿದವು, ಎಷ್ಟೋ ದಿನದಿಂದ ಎತ್ತಿ ಹಿಡಿದಿದ್ದನ್ನು ಕೆಳಗಿಟ್ಟವಳಂತೆ. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. "ಬೈಲಿಲ್ವಾ?" ಎಂದು ಕೇಳಿದಳು.

"ಬೈದಾಯ್ತು," ಅಂದರು ಆಪಾ. "ನಾನು ಅವನ್ನ."

ಪಕ್ಕದಲ್ಲಿದ್ದ ಮದುಮಗಳು ಕಿಸಕ್ಕನೆ ನಕ್ಕಳು. ಅಕ್ಕನೂ ನಕ್ಕಳು. ನಗುತ್ತಲೇ ತಂಗಿಯ ಕಡೆ ತಿರುಗಿ, ಅವಳ ಕೆನ್ನೆ ಹಿಡಿದು, ಮೊದಲ ಸಲ ನೋಡುವವಳ ಹಾಗೆ ನೋಡಿದಳು. ಆಮೇಲೆ, ಯಾರಿಗೂ ಅಲ್ಲ ಎಂಬಂತೆ, "ಇನ್ನೂ ಸ್ವಲ್ಪ ಹೊತ್ತು ಇರಬೋದಿತ್ತು ನಾನು ಆವತ್ತು," ಅಂದಳು.

ಆಪಾ ಅವಳ ತಟ್ಟೆಯಲ್ಲಿ ಆರಿಹೋಗಿದ್ದ ಅನ್ನವನ್ನು ಬದಿಗಿಟ್ಟು, ಬಿಸಿಯದನ್ನು ತರಿಸಿ, ತಾವೇ ಬಡಿಸಿದರು. ಅವಳು ತಿನ್ನತೊಡಗಿದಳು. ಗಬಗಬನೆ, ಚಿಕ್ಕ ಹುಡುಗಿಯ ಹಾಗೆ, ತಂಗಿಯ ತಟ್ಟೆಯಿಂದಲೂ ಕಿತ್ತುಕೊಂಡು. ಆಪಾ ಅದನ್ನು ನೋಡುತ್ತಾ ಗೋಡೆಗೊರಗಿ ಕಾಲು ಚಾಚಿದರು. "ನಿಧಾನ ಕಣೇ," ಅಂದರು. "ಬಸ್ಸೇನೂ ಇಲ್ಲ ಇವತ್ತು."